ಮನೆಯಲ್ಲಿ ಒಂದು ಮಾತು ಕೇಳಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಿಂದ ಹೊರಟು ಬೆಂಗಳೂರಿನಲ್ಲೂ ಪರದೇಶಗಳಲ್ಲೂ ನೌಕರಿಯಲ್ಲಿರುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

 

2025ರ ಜುಲೈ 24, ಆಷಾಢದ ಅಮಾವಾಸ್ಯೆ. ಮೂರು ದಿನ ಬಿಡದೆ ಸುರಿದ ಮಳೆ ಬೆಳಿಗ್ಗೆ ತುಸು ಹೊಳವಾಗಿತ್ತು. ಕೊಳೆರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಸಿಬಿಡೋಣ ಎಂದು ಜನ ಕರೆಸಿದ್ದೆ. ಬ್ಯಾರಲ್ಲಿನಲ್ಲಿ ಮೈಲುತುತ್ತು, ಸುಣ್ಣ ಕದಡುತ್ತಿರುವಾಗ ಬೆಂಗಳೂರಿನಿಂದ ಮಗಳ ಫೋನು ಬಂತು. ಬ್ರಿಟನ್ನಿನ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುತ್ತಿದೆಯಂತೆ; ಅದು ಜಾರಿಗೆ ಬಂದರೆ ಕಂಪನಿಯಿಂದ ತಾತ್ಕಾಲಿಕವಾಗಿ ಅಲ್ಲಿಗೆ ಹೋಗುವವರು ಮೂರು ವರ್ಷದವರೆಗೆ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಬೇಕಾಗಿಲ್ಲವಂತೆ. ತನಗೂ ಒಂದು ಅವಕಾಶ ಸಿಕ್ಕೀತು ಎಂದು ಅವಳ ದನಿಯಲ್ಲಿ ಹಿಗ್ಗಿತ್ತು. ನನಗೂ ಸಂತೋಷವಾಯಿತು. ಮಕ್ಕಳ ಏಳಿಗೆ ಬೇಡ ಎನ್ನುವ ತಂದೆ ಯಾರಿದ್ದಾನೆ?

ಮಾರನೇ ದಿನದ ಪತ್ರಿಕೆಯಲ್ಲಿ ಅದೇ ಸುದ್ದಿ ಓದಿದೆ. ಹಾಲಿನ ಉತ್ಪನ್ನ, ಸೇಬು, ಓಟ್ಸ್ ಮುಂತಾದವನ್ನು ಭಾರತ ಸುಂಕ ವಿನಾಯಿತಿಯಿಂದ ಹೊರಗಿಟ್ಟಿದೆ ಎಂದೂ ಅದರ ಕೆಳಗೆ ಇತ್ತು. ನನ್ನ ಮಗಳ ನೌಕರಿಗೂ ಹಿಮಾಚಲದವನ ಸೇಬಿಗೂ ಒಂದೇ ಕಾಗದದಲ್ಲಿ ಲೆಕ್ಕ ಬರೆದಿದ್ದಾರೆ ಎಂಬುದು ಆಗ ಹೊಳೆಯಿತು. ಕೊಡುವುದು ಯಾವುದು, ಇಟ್ಟುಕೊಳ್ಳುವುದು ಯಾವುದು ಎಂದು ಯಾರೋ ಕೂತು ತೂಗಿದ್ದಾರೆ. ಸೇಬು ಬೆಳೆಯುವವರ ಮಾತು ಅವರ ಕಿವಿಗೆ ಬಿದ್ದಿದೆ. ಅಡಿಕೆ, ಮೆಣಸು ತಕ್ಕಡಿಗೆ ಬೀಳುವ ದಿನ ನಮ್ಮ ಮಾತು ಬಿದ್ದೀತೇ? ಈ ಪತ್ರ ಅವತ್ತೇ ಮನಸ್ಸಿನಲ್ಲಿ ಶುರುವಾಯಿತು.

ನಿಮ್ಮಲ್ಲಿ ಹಲವರು ನೋಡಿರಲಿಕ್ಕಿಲ್ಲ. ಸಹಕಾರಿ ಸಂಘದ ಅಂಗಳದಲ್ಲಿ ಅಡಿಕೆ ಸುರಿದು ಟೆಂಡರಿಗೆ ಕಾಯುವುದು ಎಲ್ಲರಿಗೂ ರೂಢಿಯಾಗುವ ಮೊದಲು ವ್ಯಾಪಾರಿ ಮನೆಗೇ ಬರುತ್ತಿದ್ದ. ಜಗಲಿಯಲ್ಲಿ ಕೂತು ಕವಳ ಹಾಕಿ, ರಾಶಿಯಿಂದ ಒಂದು ಹಿಡಿ ಎತ್ತಿ, ಒಂದೆರಡು ಅಡಿಕೆ ಕತ್ತರಿಸಿ ನೋಡಿ ದರ ಹೇಳುತ್ತಿದ್ದ. ನಮ್ಮ ಅಪ್ಪಯ್ಯ ಪೂರಾ ಕೇಳಿಸಿಕೊಂಡು ಕೊನೆಗೆ ಮೆಲ್ಲಗೆ, “ಮನೇಲಿ ಒಂದ್ಮಾತು ಕೇಳವು” ಎನ್ನುತ್ತಿದ್ದ. ಅಷ್ಟಕ್ಕೇ ವ್ಯಾಪಾರಿ ದರ ತುಸು ಏರಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಗೆಂದು ಅದು ಬರೀ ಚೌಕಾಸಿಯ ಮಾತಾಗಿರಲಿಲ್ಲ. ಅಪ್ಪಯ್ಯ ನಿಜವಾಗಿ ಒಳಗೆ ಹೋಗುತ್ತಿದ್ದ. ಅಜ್ಜನಿಗೆ ಕಿವಿ ಮಂದವಾಗಿದ್ದರೂ ದರ ಕೇಳಿಸುತ್ತಿತ್ತು. ಅಡವಿಟ್ಟ ಬಂಗಾರ ಬಿಡಿಸುವ ಲೆಕ್ಕ ಅಮ್ಮನ ಬಳಿ ಇರುತ್ತಿತ್ತು. ಚಿಕ್ಕಪ್ಪನಿಗೆ ತಂಗಿಯ ಮದುವೆಯ ಖರ್ಚಿನ ಚಿಂತೆ. ಇವರೆಲ್ಲರ ಮಾತು ಕೇಳಿಯೇ ಅಪ್ಪಯ್ಯ ಜಗಲಿಗೆ ಮರಳುತ್ತಿದ್ದ.

ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 1988ರಲ್ಲಿ ಬರೆದ ಲೇಖನವೊಂದು ದೇಶ ದೇಶಗಳ ನಡುವಿನ ಸಂಧಾನದಲ್ಲೂ ಹೀಗೇ ಆಗುತ್ತದೆ ಎನ್ನುತ್ತದೆ, ಅದು ಪ್ರಸಿದ್ಧ. ದೇಶದ ಪರವಾಗಿ ಸಂಧಾನಕ್ಕೆ ಹೋದವನು ಒಂದೇ ಹೊತ್ತಿಗೆ ಎರಡು ಮೇಜಿನ ಮುಂದೆ ಕೂತಿರುತ್ತಾನೆ: ಒಂದರಲ್ಲಿ ಎದುರು ದೇಶದವರು, ಇನ್ನೊಂದರಲ್ಲಿ ತನ್ನದೇ ದೇಶದ ಜನ. ಒಳಗಿನವರು ಬಿಗಿಯಾಗಿದ್ದರೆ ಹೊರಗಿನ ಮೇಜಿನಲ್ಲಿ ಅವನ ಕೈ ಮೇಲಾಗಲೂಬಹುದು. ಮಗಳು ಇದನ್ನು ಓದಿ ಹೇಳಿದಾಗ ನನಗೆ ನಮ್ಮ ಜಗಲಿಯೇ ಕಣ್ಣಿಗೆ ಬಂತು. ದೆಹಲಿಯ ಅಧಿಕಾರಿ ಜಕಾರ್ತಾದಲ್ಲೋ ಕೊಲಂಬೋದಲ್ಲೋ ಕೂತು ಮನೆಯಲ್ಲಿ ಕೇಳಬೇಕು ಎಂದಾಗ, ಅವನ ಒಳಮನೆಯಲ್ಲಿ ಯಾರಿದ್ದಾರೆ? ನೀವು ದುಡಿಯುವ ಉದ್ಯಮದ ಒಕ್ಕೂಟ ಇದೆ. ಔಷಧ ಕಂಪನಿಗಳು, ಬಟ್ಟೆ ರಫ್ತಿನವರು, ವಾಣಿಜ್ಯ ಮಂಡಳಿಗಳು ಇವೆ. ಕೆಲವು ವಲಯಗಳ ರೈತರೂ ಇದ್ದಾರೆ. ನಮ್ಮ ಮೂರು ತಾಲೂಕಿನ ದನಿ ಮಾತ್ರ ಆ ಒಳಮನೆಗೆ ಮುಟ್ಟುವ ಹೊತ್ತಿಗೆ ವ್ಯಾಪಾರ ಕುದುರಿ ವ್ಯಾಪಾರಿ ಎದ್ದುಹೋಗಿರುತ್ತಾನೆ.

ನಾನು ಕಂಡದ್ದನ್ನೇ ಹೇಳುತ್ತೇನೆ.

2016ರ ಆಸುಪಾಸಿನಲ್ಲಿ ಕಾಳುಮೆಣಸಿಗೆ ಕಿಲೋಗೆ 650 ರೂಪಾಯಿಗೂ ಮೇಲೆ ದರ ಬಂದಿದ್ದು ನಿಮಗೆ ನೆನಪಿರಬಹುದು. ನಿಮ್ಮಲ್ಲಿ ಕೆಲವರ ಕಾಲೇಜು ಫೀಸು ಆ ಮೆಣಸಿನ ದುಡ್ಡಿನಿಂದಲೇ ಕಟ್ಟಿದ್ದು. ನಾವೆಲ್ಲ ಅಡಿಕೆಮರಗಳಿಗೆ ಹೊಸದಾಗಿ ಬಳ್ಳಿ ಹಬ್ಬಿಸಿದೆವು. ಎರಡೇ ವರ್ಷದಲ್ಲಿ ದರ 400ಕ್ಕಿಂತ ಕೆಳಗೆ ಇಳಿಯಿತು. ಆ ಬೇಸಿಗೆಯಲ್ಲಿ ಒಂದು ವಖಾರಿಯಲ್ಲಿ ವ್ಯಾಪಾರಿ ನನ್ನ ಮುಂದೆ ಎರಡು ಹಿಡಿ ಮೆಣಸು ಸುರಿದ. ಒಂದು ನಮ್ಮದು. ಇನ್ನೊಂದು ಹೊರಗಿನದು, ನೋಡಲು ದಪ್ಪ, ಹಲ್ಲಿನಡಿ ಇಟ್ಟರೆ ಖಾರ ಕಡಿಮೆ. “ಹೆಗಡೇರೆ, ಗಿರಾಕಿ ಖಾರ ಕೇಳುವುದಿಲ್ಲ, ದರ ಕೇಳುತ್ತಾನೆ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಹೊಟ್ಟೆಪಾಡಿಗೆ ಕೂತವನು.

ಆ ಮೆಣಸು ಬಂದ ದಾರಿ ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿಂದ ನೇರ ತಂದರೆ ಸುಂಕ ಜೋರು. 2009ರಲ್ಲಿ ಸಹಿಯಾಗಿ 2010ರ ಜನವರಿಯಿಂದ ಜಾರಿಗೆ ಬಂದ, ವಿಯೆಟ್ನಾಮೂ ಸೇರಿದ ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಜೊತೆಗಿನ ಒಪ್ಪಂದದಲ್ಲಿ ಮೆಣಸನ್ನು ಚಹಾ, ಕಾಫಿ, ತಾಳೆ ಎಣ್ಣೆಯ ಜೊತೆ ವಿಶೇಷ ಪಟ್ಟಿಗೆ ಸೇರಿಸಿ, 70 ಪ್ರತಿಶತ ಸುಂಕವನ್ನು 2019ರ ಹೊತ್ತಿಗೆ ಮೆಲ್ಲಮೆಲ್ಲನೆ 50ಕ್ಕೆ ಇಳಿಸುವುದೆಂದು ಮಾತಾಗಿತ್ತು. ಶ್ರೀಲಂಕಾದ ಬಾಗಿಲು ಬೇರೆಯೇ. 1998ರ ಡಿಸೆಂಬರ್ 28ರಂದು ಸಹಿಯಾದ ಒಪ್ಪಂದದ ಪ್ರಕಾರ ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದರ ಮೇಲಿನದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ ಬರೇ 8 ಪ್ರತಿಶತ. ವಿಯೆಟ್ನಾಮಿನ ಮೆಣಸು ಕೊಲಂಬೋದಲ್ಲಿ ಇಳಿದು, ಲಂಕೆಯದೇ ಎಂಬ ಪ್ರಮಾಣಪತ್ರ ಹೊತ್ತು ಇಲ್ಲಿಗೆ ಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ದರ ಹಾಕಿತು. ಸರಕಿನ ಮೂಲ ದೇಶವನ್ನು ಆಮದುದಾರನೇ ಸಾಬೀತು ಮಾಡಬೇಕು ಎಂಬ ಸುಂಕದ ನಿಯಮ ಬಂದಿದ್ದು 2020ರ ಸೆಪ್ಟೆಂಬರ್‌ನಲ್ಲಿ.

1998ರಲ್ಲಿ ಆ ಸಹಿ ಬಿದ್ದಾಗ ನನ್ನ ತೋಟದ ಇವತ್ತಿನ ಬಳ್ಳಿಗಳನ್ನು ನೆಟ್ಟೂ ಇರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಯಾವ ಬಳ್ಳಿಯ ಮೆಣಸಿಗೆ ಎಷ್ಟು ಸಿಗಬೇಕು ಎಂಬುದರಲ್ಲಿ ಒಂದು ಪಾಲು ಅವತ್ತೇ ತೀರ್ಮಾನವಾಗಿತ್ತು. ನಾವು ಕೂಗಿದ್ದು ಬಾಗಿಲು ತೆರೆದಾದ ಮೇಲೆ. ಬಾಗಿಲಿನ ಅಳತೆ ತೆಗೆಯುವಾಗ ನಾವು ಅಲ್ಲಿ ಇರಲಿಲ್ಲ.

ನಮ್ಮ ಸೀಮೆಗೆ ಇದು ಹೊಸದಲ್ಲ ಎಂಬುದು ನೋವಿನ ಮಾತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಸೋದೆ ಅರಸರ ಸೀಮೆಯ ಮೆಣಸಿಗೆ ಆಸೆಪಟ್ಟು ಇಂಗ್ಲಿಷರು 17ನೇ ಶತಮಾನದಲ್ಲಿ ಕಾರವಾರದಲ್ಲಿ ಕೋಠಿ ಹಾಕಿ ಕೂತರು. ರಾಣಿಯ ಮಾತಿದೆ, ಅರಸರ ಮಾತಿದೆ, ಕೋಠಿಯವರ ಪತ್ರಗಳಿವೆ. ಘಟ್ಟದ ಮೇಲೆ ಏಣಿ ಹಾಕಿ ಮೆಣಸು ಕೊಯ್ದವನನ್ನು ಯಾರಾದರೂ ಕೇಳಿದರೆಂದು ನಾನು ಓದಿದ ಯಾವ ಇತಿಹಾಸದಲ್ಲೂ ಸಿಗಲಿಲ್ಲ. ಅವನಿಗೆ ಓಟು ಇರಲಿಲ್ಲ, ಓದು ಇರಲಿಲ್ಲ. ನಿಮಗೆ ಎರಡೂ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೇಳುವವರು ಯಾರು, ಹೇಳಬೇಕಾದ್ದು ಎಲ್ಲಿ ಎಂಬುದೂ ಸರಳವಾಗಿಲ್ಲ. ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ರಾಜ್ಯಗಳ ಪಟ್ಟಿಯಲ್ಲಿ 14ನೇ ನಮೂದು ಕೃಷಿ. ಕೇಂದ್ರದ ಪಟ್ಟಿಯಲ್ಲಿ ಅದೇ 14ನೇ ನಮೂದು ಪರದೇಶಗಳ ಜೊತೆಗಿನ ಒಪ್ಪಂದ. ಒಂದೇ ಸಂಖ್ಯೆ, ಎರಡು ಮನೆ. ನಮ್ಮ ತೋಟಕ್ಕೆ ರೋಗ ಬಂದರೆ ಬೆಂಗಳೂರನ್ನು ಕೇಳಬೇಕು, ತೋಟದ ಬೆಳೆಗೆ ಗಡಿ ತೆರೆದರೆ ದೆಹಲಿಯನ್ನು ಕೇಳಬೇಕು. ಅಮೆರಿಕದಲ್ಲಿ ಇಂಥ ವ್ಯಾಪಾರ ಒಪ್ಪಂದ ಕಾಂಗ್ರೆಸ್ಸಿನ ಮತಕ್ಕೆ ಹೋಗುವುದು ರೂಢಿ. ಯುರೋಪಿನಲ್ಲಿ ಯುರೋಪಿಯನ್ ಸಂಸತ್ತಿನ ಒಪ್ಪಿಗೆ ಬೇಕು. ನಮ್ಮಲ್ಲಿ ಸಂಪುಟ ಒಪ್ಪಿದರೆ ಸಾಕು, ಒಪ್ಪಂದವನ್ನು ಸಂಸತ್ತಿನಲ್ಲಿ ಮತಕ್ಕೆ ಹಾಕಲೇಬೇಕೆಂಬ ಕಟ್ಟಳೆ ಇಲ್ಲ. ರಾಜ್ಯದ ಒಪ್ಪಿಗೆಯ ಮಾತಂತೂ ದೂರವೇ ಉಳಿಯಿತು. ಕೇರಳದವರು ಆಸಿಯಾನ್ ಒಪ್ಪಂದ ವಿರೋಧಿಸಿ 2009ರ ಗಾಂಧಿ ಜಯಂತಿಯ ದಿನ ಕಾಸರಗೋಡಿನಿಂದ ತಿರುವನಂತಪುರದವರೆಗೆ ಕೈ ಕೈ ಹಿಡಿದು ಸಾಲು ನಿಂತರು. ಅಷ್ಟರಲ್ಲಿ ಸಹಿಯಾಗಿ ಒಂದೂವರೆ ತಿಂಗಳಾಗಿತ್ತು. ಮುಂದಿನ ಜನವರಿ ಒಂದರಂದು ಒಪ್ಪಂದ ಜಾರಿಗೆ ಬಂತು.

ಇನ್ನೊಂದು ವಿಚಿತ್ರ ನೋಡಿ. ನಮ್ಮ ತೋಟದಲ್ಲಿ ಮೆಣಸಿನ ಬಳ್ಳಿ ಅಡಿಕೆಮರವನ್ನೇ ತಬ್ಬಿಕೊಂಡು ಬೆಳೆಯುತ್ತದೆ, ಒಂದೇ ನೀರು ಒಂದೇ ಗೊಬ್ಬರ. ದೆಹಲಿಯಲ್ಲಿ ಇವೆರಡೂ ಬೇರೆ ಬೇರೆ ಮನೆಯಲ್ಲಿವೆ. ಮೆಣಸಿನ ರಫ್ತು ನೋಡುವ ಸಂಬಾರ ಮಂಡಳಿ ವಾಣಿಜ್ಯ ಸಚಿವಾಲಯದ ಕೈಕೆಳಗಿದೆ, ಒಪ್ಪಂದ ಮಾತಾಡುವವರೂ ಅದೇ ಸಚಿವಾಲಯದವರು. ಅಡಿಕೆ ಇರುವುದು ಕೃಷಿ ಸಚಿವಾಲಯದ ಕೆಳಗಿನ, ಕೋಳಿಕ್ಕೋಡಿನ ಅಡಿಕೆ ಮತ್ತು ಸಂಬಾರ ಅಭಿವೃದ್ಧಿ ನಿರ್ದೇಶನಾಲಯದ ಲೆಕ್ಕದಲ್ಲಿ. ಮಾತುಕತೆಯ ಕೋಣೆಯಲ್ಲಿ ಬಳ್ಳಿಗೆ ಒಂದು ಕುರ್ಚಿಯಾದರೂ ಇದೆ. ಮರ ಹೊರಗೆ ನಿಂತಿದೆ.

ಕೆಲವು ವರ್ಷಗಳ ಹಿಂದೆ ವ್ಯಾಪಾರ ಒಪ್ಪಂದಗಳ ಬಗ್ಗೆ ಅಭಿಪ್ರಾಯ ಕೇಳುವ ಒಂದು ಸಭೆಗೆ ಹೋಗಿದ್ದೆ. ಎಲ್ಲಿ, ಯಾರದು ಎಂಬುದು ಬೇಡ. ಕೋಟು ಹಾಕಿಕೊಂಡ ಉದ್ಯಮದವರು ತುಂಬ ಜನ. ಬೆಳೆಗಾರರೆಂದು ಬಂದವರು ನಾವು ಇಬ್ಬರೋ ಮೂವರೋ. ಮಧ್ಯಾಹ್ನದವರೆಗೂ ಇಂಗ್ಲಿಷಿನಲ್ಲಿ ಪರದೆಯ ಮೇಲೆ ಅಂಕಿಸಂಖ್ಯೆ ಓಡಿದವು. ಊಟಕ್ಕೆ ಏಳುವ ಮೊದಲು ನನಗೆ ಮೈಕು ಕೊಟ್ಟರು. ಬೇಯಿಸಿದ ಅಡಿಕೆಯ ವಿಷಯ ಹೇಳಬೇಕೆಂದು ರಾತ್ರಿ ಬಸ್ಸಿನಲ್ಲೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಎರಡು ಮಾತಾಡುವುದರೊಳಗೆ ವೇದಿಕೆಯಿಂದ ಸೌಮ್ಯವಾಗಿಯೇ ಪ್ರಶ್ನೆ ಬಂತು: ನಿಮ್ಮ ಸರಕಿನ ಎಚ್‌ಎಸ್ ಕೋಡ್ ಯಾವುದು? ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಅಡಿಕೆ ಬೆಳೆದಿದ್ದೇನೆ, ಸುಲಿದಿದ್ದೇನೆ, ಬೇಯಿಸಿದ್ದೇನೆ. ಆ ಸಂಖ್ಯೆ ಗೊತ್ತಿರಲಿಲ್ಲ. ಮೈಕು ಮುಂದಿನವರ ಕೈಗೆ ಹೋಯಿತು. ಮನೆಗೆ ಬಂದು ಮಗಳನ್ನು ಕೇಳಿದೆ. ಅವಳು ಐದು ನಿಮಿಷದಲ್ಲಿ ಹುಡುಕಿ ಕೊಟ್ಟಳು.

ಆ ಸಂಖ್ಯೆಯಲ್ಲಿ ಏನಿದೆ ಎಂದು ನೀವು ಕೇಳಬಹುದು. ಸುಂಕದ ಪುಸ್ತಕದಲ್ಲಿ ಅಡಿಕೆ 0802ನೇ ಶೀರ್ಷಿಕೆಯಲ್ಲಿ, ಬೀಜ-ಹಣ್ಣುಗಳ ಜೊತೆ ಇದೆ. ‘ಸುಪಾರಿ’ ಎಂಬ ತಯಾರಿತ ಪದಾರ್ಥ 2106ರಲ್ಲಿದೆ. ಹುರಿದದ್ದು 2008ರಲ್ಲಿ. 100 ಪ್ರತಿಶತ ಆಮದು ಸುಂಕ, ಕನಿಷ್ಠ ಆಮದು ದರ ಎಂದು ನಾವು ಕೋಟೆ ಕಟ್ಟಿಕೊಂಡದ್ದು ಮೊದಲನೆಯದಕ್ಕೆ. ಸರಕು ತರಿಸುವವನು ತನ್ನ ಅಡಿಕೆ ಬೇಯಿಸಿದ್ದು, ಹಾಗಾಗಿ ಅದು ಸುಪಾರಿ ಎಂದು ವಾದಿಸಿದರೆ, ಹುರಿದದ್ದು ಎಂದು ಬರೆದರೆ, ಕೋಟೆಯ ಪಕ್ಕದಲ್ಲೇ ಕಿಂಡಿ ತೆರೆದಂತೆ. ಹುರಿದ ಅಡಿಕೆಯ ಕಿಂಡಿಯನ್ನು ಮುಚ್ಚಿ ಅದಕ್ಕೂ ಕಿಲೋಗೆ 351 ರೂಪಾಯಿಯ ಕನಿಷ್ಠ ದರ ಹಾಕಿದ್ದು 2025ರ ಏಪ್ರಿಲ್‌ನಲ್ಲಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಚೊಗರು ಹಾಕಿ, ಚಪ್ಪರದ ಮೇಲೆ ಒಣಗಿಸಿ ಕೆಂಪಡಿಕೆ ಮಾಡುವುದು ನಮ್ಮ ಅಜ್ಜಂದಿರಿಂದ ಬಂದ ಕಸುಬು. ಆ ಹಂಡೆಯಿಂದ ಎತ್ತಿದ ಅಡಿಕೆ ಅಡಿಕೆಯೇ, ಬೇರೆ ಪದಾರ್ಥವೇ ಎಂದು ಬಂದರಿನಲ್ಲಿ ವಾದವಾಗುವಾಗ ಹಂಡೆಗೆ ಬೆಂಕಿ ಹಾಕಿದವರು ಒಬ್ಬರಾದರೂ ಬಾಯಿ ಬಿಡಬೇಡವೇ? ಆ ಬಾಯಿಗೆ ಬೇಕಾದ ಭಾಷೆ ನಿಮ್ಮ ಬಳಿ ಇದೆ.

ನಾವು ಕೂಗಿದಾಗ ಕೇಳಲೇ ಇಲ್ಲ ಎಂದರೆ ಸುಳ್ಳಾದೀತು. 2022ರ ಸೆಪ್ಟೆಂಬರ್ ಕೊನೆಯಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ದರದ ಷರತ್ತಿಲ್ಲದೆ ತರಿಸಬಹುದು ಎಂಬ ಆದೇಶ ಹೊರಟಿತು. ಮಲೆನಾಡಿನಲ್ಲಿ ದೊಡ್ಡ ಗದ್ದಲವಾಯಿತು, ನಿಯೋಗಗಳು ದೆಹಲಿಗೆ ಹೋಗಿಬಂದವು. 2023ರ ಫೆಬ್ರುವರಿ 14ರಂದು ಅಡಿಕೆಯ ಕನಿಷ್ಠ ಆಮದು ದರ ಕಿಲೋಗೆ 251ರಿಂದ 351ಕ್ಕೆ ಏರಿತು. ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯ ಚುನಾವಣೆ ಇತ್ತು. ಯಾವ ಪಕ್ಷವನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಪ್ರಜಾಪ್ರಭುತ್ವದಲ್ಲಿ ಚುನಾವಣೆ ಹತ್ತಿರವಾದಾಗ ಕಿವಿ ಚುರುಕಾಗುವುದು ತಪ್ಪೂ ಅಲ್ಲ. ಆದರೆ ಭೂತಾನದ ಬಾಗಿಲು ತೆರೆದದ್ದಕ್ಕೂ ಒಂದು ಕಾರಣವಿತ್ತು. ಹಿಮಾಲಯದ ಪುಟ್ಟ ನೆರೆದೇಶದ ಸ್ನೇಹ ದೆಹಲಿಗೆ ಬೇಕಾದದ್ದು, ಅಲ್ಲಿನ ಬೆಳೆಗಾರನೂ ನಮ್ಮಂಥ ಬಡವನೇ. ದೇಶದ ಹಿತಕ್ಕಾಗಿ ಇಷ್ಟನ್ನು ಹೊರಬೇಕು ಎಂದು ಮೊದಲೇ ಕೂರಿಸಿ ಹೇಳಿದ್ದರೆ, ಎಷ್ಟು ಟನ್, ಯಾವ ತಿಂಗಳು ಎಂದು ಕೇಳಿದ್ದರೆ, ನಮ್ಮವರು ಪೂರ್ತಿ ಹಟ ಹಿಡಿಯುತ್ತಿದ್ದರು ಎಂದು ನನಗೆ ಅನಿಸುವುದಿಲ್ಲ. ಪತ್ರಿಕೆ ಓದಿ ತಿಳಿದದ್ದೇ ಹೆಚ್ಚು ನೋಯಿಸಿತು.

ಹಾಲಿನವರನ್ನು ನೋಡಿ ಕಲಿಯಬೇಕು. ಹದಿನಾರು ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಭಾರತ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಹಿಂದೆ ಸರಿಯಿತು. ಉಳಿದ ಹದಿನೈದು ದೇಶಗಳು ಮರುವರ್ಷ ಸಹಿ ಹಾಕಿದವು. ಹಿಂದೆ ಸರಿದದ್ದಕ್ಕೆ ಚೀನಾದ ಸರಕಿನ ಭಯವೂ ಸೇರಿ ಕಾರಣ ಹಲವು. ಆದರೆ ಹಾಲಿನ ಸಹಕಾರಿ ಸಂಘಗಳ ಪಾಲು ಸಣ್ಣದಲ್ಲ. ನ್ಯೂಜಿಲೆಂಡಿನ ಹಾಲಿನ ಪುಡಿ ಬಂದರೆ ಎರಡು ಹಸು ಸಾಕುವವಳ ಗತಿ ಏನು ಎಂದು ಅವರು ತಿಂಗಳುಗಟ್ಟಲೆ ಮೊದಲೇ, ಲೀಟರಿನ ಲೆಕ್ಕ ಹಿಡಿದು, ಎಲ್ಲ ರಾಜ್ಯಗಳಿಂದಲೂ ಒಟ್ಟಿಗೆ ಹೇಳಿದರು. ಕರ್ನಾಟಕದ ಹಾಲು ಒಕ್ಕೂಟವೂ ಅದರಲ್ಲಿತ್ತು. ನಮಗೂ ಸಹಕಾರದ ಬಲ ಇಲ್ಲದಿಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ, ಮಂಗಳೂರಿನ ಕ್ಯಾಂಪ್ಕೊ 1973ರಲ್ಲಿ. ಇಂಥ ಬೆನ್ನೆಲುಬು ಇರುವ ಬೆಳೆಗಾರರು ದೇಶದಲ್ಲಿ ಹೆಚ್ಚಿಲ್ಲ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತು ಸಿಕ್ಕಾಗ ಅದರ ನೆಲವೆಂದು ಬರೆದದ್ದು ಇದೇ ಮೂರು ತಾಲೂಕು. ಆ ಗುರುತು ಹೆಸರನ್ನು ಕಾಯುತ್ತದೆ. ದರವನ್ನು ಕಾಯಲು ಬೇರೆ ಕೆಲಸ ಬೇಕು.

ನನ್ನ ತಲೆಮಾರಿನ ಬೆಳೆಗಾರರಿಗೂ ನಾನು ಒಂದು ಮಾತು ಹೇಳುತ್ತಿರುತ್ತೇನೆ, ನಿಮ್ಮೆದುರೂ ಮುಚ್ಚಿಡುವುದಿಲ್ಲ. ಆಮದು ಒಂದೇ ನಮ್ಮ ವೈರಿಯಲ್ಲ. ಬಯಲುಸೀಮೆಯಲ್ಲಿ ಕೊಳವೆಬಾವಿ ತೋಡಿ ಎಬ್ಬಿಸಿದ ಹೊಸ ತೋಟಗಳ ಫಸಲು ನಮ್ಮದೇ ರಾಜ್ಯದ್ದು. ಎಲೆಚುಕ್ಕಿ ರೋಗ ಯಾವ ಒಪ್ಪಂದದಿಂದಲೂ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಎರಡು ದಶಕದ ಹಿಂದೆಯೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಹೊರದೇಶದ ಮೇಜಿನಲ್ಲಿ ಅಡಿಕೆಯ ಪರ ನಿಲ್ಲಲು ನಮ್ಮ ಸಂಧಾನಕಾರರೇ ಹಿಂಜರಿದರೆ ಅದರ ಹಿಂದೆ ಈ ಮಾತೂ ಇರಬಹುದು. ಅದನ್ನು ಮುಖ ತಿರುಗಿಸದೆ ಎದುರಿಸಬೇಕು, ಮುಂದಿನ ತಲೆಮಾರಿಗೆ ಬೇರೆ ಬೆಳೆಯ ದಾರಿಯನ್ನೂ ಹುಡುಕಬೇಕು. ಹಾಗೆ ಹೊರಳುವುದಕ್ಕೆ ವರ್ಷಗಳು ಬೇಕು. ಅಡಿಕೆ ಸಸಿ ನೆಟ್ಟವನು ಫಸಲು ನೋಡುವುದೇ ಏಳೆಂಟು ವರ್ಷಕ್ಕೆ. ಒಂದು ರಾತ್ರಿಯ ಅಧಿಸೂಚನೆಯಲ್ಲಿ ದರ ಮುರಿದರೆ ಹೊರಳಲು ಪುರುಸೊತ್ತೂ ಸಿಗುವುದಿಲ್ಲ.

ಮುರಿದಾಗ ಮೊದಲು ಬೀಳುವವರು ನಾವೂ ಅಲ್ಲ. ಮರದಿಂದ ಮರಕ್ಕೆ ಜಿಗಿದು ಕೊನೆ ಇಳಿಸುವ ಕೊನೆಗೌಡ, ರಾತ್ರಿ ದೀಪದ ಬುಡದಲ್ಲಿ ಕೂತು ಅಡಿಕೆ ಸುಲಿಯುವ ಹೆಂಗಸರು, ಯಲ್ಲಾಪುರದ ಕಡೆ ತೋಟದ ಕೆಲಸಕ್ಕೆ ಬರುವ ಸಿದ್ದಿ ಜನ, ಇವರ ಕೂಲಿ ನಮ್ಮ ದರಕ್ಕೆ ಕಟ್ಟಿಕೊಂಡಿದೆ. ಅವರ ಮಕ್ಕಳಲ್ಲೂ ಕೆಲವರು ಈಗ ನಿಮ್ಮ ಜೊತೆ ನಗರದಲ್ಲಿದ್ದಾರೆ. ಈ ಪತ್ರ ಅವರಿಗೂ ಸೇರಿ ಬರೆದದ್ದು.

ನಿಮ್ಮ ನೌಕರಿಯನ್ನೂ ನಮ್ಮ ತೋಟವನ್ನೂ ಎದುರುಬದುರು ನಿಲ್ಲಿಸುವುದು ನನ್ನ ಉದ್ದೇಶವಲ್ಲ. ನಮ್ಮ ಮನೆಗೆ ಹೊಸ ಹೆಂಚು ಹೊದೆಸಿದ್ದು ಮಗಳ ಸಂಬಳದಲ್ಲಿ, ಅವಳನ್ನು ಓದಿಸಿದ್ದು ಅಡಿಕೆಯಲ್ಲಿ. ಆಸಿಯಾನ್ ದೇಶಗಳ ಜೊತೆ ಸರಕಿನ ಒಪ್ಪಂದವಾದ ಮೇಲೆ ಸೇವೆಗಳ ಒಪ್ಪಂದವೂ ಆಯಿತು, ನಿಮ್ಮಂಥವರ ಓಡಾಟಕ್ಕಾಗಿ ದೆಹಲಿ ಪಟ್ಟುಹಿಡಿದು ಕೇಳಿದ್ದು. ಒಂದು ಕೈಯಲ್ಲಿ ಪಡೆಯಲು ಇನ್ನೊಂದು ಕೈಯಲ್ಲಿ ಕೊಡಬೇಕಾಗುತ್ತದೆ. ಪಡೆಯುವ ಕಡೆ ನಿಮ್ಮ ಉದ್ಯಮದ ದನಿ ಇದೆ. ಕೊಡುವ ಕಡೆ ನಿಮ್ಮ ಅಪ್ಪ ಅಮ್ಮ ಇದ್ದಾರೆ, ಅವರ ದನಿ ಸಣ್ಣದು. ಎರಡೂ ಕಡೆ ಕಾಲಿಟ್ಟು ನಿಂತವರು ನೀವು ಮಾತ್ರ.

ಹಾಗಾಗಿ ನನ್ನ ಕೋರಿಕೆಗಳು ಇವು. ಆಸಿಯಾನ್ ಸರಕು ಒಪ್ಪಂದದ ಮರುಪರಿಶೀಲನೆ ಮಾಡುವುದೆಂದು 2023ರಲ್ಲಿ ಎರಡೂ ಕಡೆಯವರು ಒಪ್ಪಿದ್ದಾರೆ. ಅಡಿಕೆ ಬೆಳೆಯುವ ಇಂಡೋನೇಷ್ಯಾ, ಮ್ಯಾನ್ಮಾರ್ ಎರಡೂ ಅದರೊಳಗಿವೆ. ನಮ್ಮ ಬೆಳೆಗಳಿಗೆ ಸಂಬಂಧಿಸಿದ ಸಾಲುಗಳನ್ನು, ಮೂಲದೇಶದ ನಿಯಮಗಳನ್ನು ಓದಿ, ಎರಡು ಪುಟದ ಕನ್ನಡ ಟಿಪ್ಪಣಿ ಮಾಡಿ ನಮ್ಮ ಸಂಘಗಳಿಗೆ ಕಳಿಸಿ. ನಾಲ್ಕು ಜನ ಸೇರಿದರೆ ಒಂದು ಭಾನುವಾರದ ಕೆಲಸ. ವಾಣಿಜ್ಯ ಇಲಾಖೆ ಅಭಿಪ್ರಾಯ ಕೇಳಿದಾಗ, ವಾಣಿಜ್ಯಕ್ಕೆ ಸಂಬಂಧಿಸಿದ ಸಂಸದೀಯ ಸ್ಥಾಯಿ ಸಮಿತಿ ಸಲಹೆ ಕರೆದಾಗ, ಅದು ಇಂಗ್ಲಿಷಿನಲ್ಲಿ ನಿಮ್ಮ ಕಣ್ಣಿಗೆ ಮೊದಲು ಬೀಳುತ್ತದೆ. ಅವತ್ತೇ ಊರಿಗೆ ತಿಳಿಸಿ, ಉತ್ತರ ಬರೆಯಲು ಕೈ ಕೊಡಿ.

ಸಂಘಗಳ ಕಪಾಟಿನಲ್ಲಿ ದಿನದಿನದ ಟೆಂಡರಿನ ದರ, ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು ಎಂದು ವಿಂಗಡಿಸಿ ಬರೆದದ್ದು ದಶಕಗಟ್ಟಲೆಯದು ಇದೆ. ಆಮದಿನಿಂದ ಹಾನಿಯಾಗಿದೆ, ರಕ್ಷಣಾ ಸುಂಕ ಹಾಕಿ ಎಂದು ಸರ್ಕಾರವನ್ನು ಕೇಳಬೇಕಾದರೆ ಆ ಹಾನಿಯನ್ನು ಅಂಕಿಯಲ್ಲಿ ತೋರಿಸಬೇಕು. ಬಂದರಿನ ಆಮದಿನ ಅಂಕಿಗಳನ್ನು ನಮ್ಮ ದರದ ಪಕ್ಕದಲ್ಲಿಟ್ಟು ತಿಂಗಳು ತಿಂಗಳು ಹೊಂದಿಸಿ ನೋಡುವ ಕೆಲಸವನ್ನು ನೀವು ಕಚೇರಿಯಲ್ಲಿ ಬೇರೆಯವರಿಗಾಗಿ ದಿನವೂ ಮಾಡುತ್ತೀರಿ. ಸಂಘಗಳ ಆಡಳಿತ ಮಂಡಳಿಗಳನ್ನೂ ಇದೇ ಪತ್ರದ ಮೂಲಕ ವಿನಂತಿಸುತ್ತೇನೆ: ಆ ಪುಸ್ತಕಗಳನ್ನು ಈ ಮಕ್ಕಳಿಗೆ ತೆರೆದುಕೊಡಿ. ಮೂರು ತಾಲೂಕಿನ ಸಂಘಗಳೆಲ್ಲ ಸೇರಿ ಒಪ್ಪಂದಗಳನ್ನು ಗಮನಿಸುವುದಕ್ಕೇ ಒಬ್ಬರನ್ನಾದರೂ ನೇಮಿಸಿ.

ಸರ್ವಸದಸ್ಯರ ಸಭೆಗೆ ಬನ್ನಿ. ಅಪ್ಪನ ಷೇರು ನಿಮ್ಮ ಹೆಸರಿಗಾಗಿದ್ದರೆ ಅದು ಹಕ್ಕು, ಆಗದಿದ್ದರೆ ಅಪ್ಪನ ಪಕ್ಕ ಕೂತು ಕೇಳಿ. ಓಟು ಕೇಳಲು ಬಂದವರನ್ನು, ಅವರು ಯಾವ ಪಕ್ಷದವರೇ ಇರಲಿ, ಒಂದು ಪ್ರಶ್ನೆ ಕೇಳಿ: ಮಾತುಕತೆ ಶುರುವಾಗುವ ಮೊದಲೇ ಬೆಳೆವಾರು ಅಭಿಪ್ರಾಯ ಬರೆದು ದೆಹಲಿಗೆ ಕಳಿಸುವ ಕಾಯಂ ವ್ಯವಸ್ಥೆಯನ್ನು ನಮ್ಮ ರಾಜ್ಯ ಮಾಡುತ್ತದೆಯೇ?

ಇದಕ್ಕೆಲ್ಲ ಮೊದಲು ನಿಮ್ಮ ಮನೆಯಲ್ಲೇ ಕೇಳಿ. ಎಕರೆಗೆ ಖರ್ಚು ಎಷ್ಟು, ಯಾವ ದರಕ್ಕೆ ಇಳಿದರೆ ಸಾಲ ಕಟ್ಟಲಾಗುವುದಿಲ್ಲ, ಎಷ್ಟರವರೆಗೆ ತಡೆದುಕೊಳ್ಳಬಹುದು. ನಿಮ್ಮ ಅಪ್ಪ ಇದನ್ನು ಫೋನಿನಲ್ಲಿ ಹೇಳುವುದಿಲ್ಲ. ಎದುರು ಕೂತು, ಎರಡು ಸಲ ಕೇಳಬೇಕಾಗುತ್ತದೆ.

ನಮ್ಮ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅಪ್ಪಯ್ಯನ ಕಾಲದಿಂದ ಅಡಿಕೆ, ಮೆಣಸು ಮಾರಿದ ಪಟ್ಟಿಗಳು ಅದರಲ್ಲಿವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಹೆಚ್ಚಿನವು ಓದಲು ಬರುತ್ತವೆ. ಕಳೆದ ದೀಪಾವಳಿಗೆ ಬಂದಾಗ ಮಗಳು ಅದನ್ನು ಕೆಳಗಿಳಿಸಿ, ದಿನಾಂಕ, ತೂಕ, ದರ ಎಂದು ಲ್ಯಾಪ್‌ಟಾಪಿನಲ್ಲಿ ಬರೆದಿಡಲು ಶುರುಮಾಡಿದಳು. ನಾನು ಓದಿ ಹೇಳುತ್ತೇನೆ, ಅವಳು ಬರೆದುಕೊಳ್ಳುತ್ತಾಳೆ. 1987ರವರೆಗೆ ಬಂದಿದ್ದೇವೆ. ಉಳಿದದ್ದಕ್ಕೆ ಈ ಸಲದ ಕೊಯ್ಲಿಗೆ ಬರುತ್ತೇನೆ ಎಂದಿದ್ದಾಳೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಟ್ರಂಕು ಇದ್ದೀತು, ಬಂದಾಗ ಒಮ್ಮೆ ಹತ್ತಿ ನೋಡಿ.

ಇಂತಿ ನಿಮ್ಮ ಹಿತವನ್ನು ಸದಾ ಬಯಸುವ,
ಸಿದ್ದಾಪುರ ಸೀಮೆಯ ಒಬ್ಬ ತೋಟಿಗ